ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ವೈರಿಂಗ್: ತೇಪೆಯೋ, ಹೊಸ ಹಾರ್ನೆಸೋ?

ಕರಾವಳಿಯಲ್ಲಿ ವಾಹನವನ್ನಿಟ್ಟುಕೊಂಡವರಿಗೆ ತುಕ್ಕಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬಾಗಿಲಿನ ಅಂಚು, ಸೈಲೆನ್ಸರು, ಚಾಸಿಯ ಕೆಳಭಾಗ ಇವುಗಳ ತುಕ್ಕು ಕಣ್ಣಿಗೆ ಕಾಣುತ್ತದೆ. ಆದುದರಿಂದ ಅದಕ್ಕೆ ಪರಿಹಾರವೂ ಸಕಾಲದಲ್ಲಿ ನಡೆಯುತ್ತದೆ. ಆದರೆ ಬಾನೆಟ್ಟಿನ ಅಡಿಯಲ್ಲಿ ಕಪ್ಪು ಟೇಪಿನೊಳಗೆ ಅಡಗಿರುವ ತಂತಿಗಳ ಕಟ್ಟು, ಅಂದರೆ ವೈರಿಂಗ್ ಹಾರ್ನೆಸ್, ಜೀರ್ಣವಾಗುವುದು ಯಾರ ಗಮನಕ್ಕೂ ಬಾರದು. ಬಿಡಿಭಾಗಗಳು ಸುಲಭವಾಗಿ ದೊರೆಯದ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಇದೇ ದೊಡ್ಡ ನಷ್ಟಕ್ಕೆ ದಾರಿಯಾಗುತ್ತದೆ. ಇಂತಹ ಕಾರು ಗ್ಯಾರೇಜಿಗೆ ಬಂದಾಗ ಯಾವ ನಿರ್ಧಾರ ಕೈಗೊಳ್ಳಬೇಕು, ಕೆಲಸವನ್ನು ಹೇಗೆ ನಿರ್ವಹಿಸಬೇಕು, ನಮ್ಮ ಜಿಲ್ಲೆಯ ಸಣ್ಣ ಉದ್ದಿಮೆಗಳಿಗೆ ಇದರಲ್ಲಿ ಅವಕಾಶವುಂಟೇ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಹಾರ್ನೆಸ್ ಕೆಡಲು ಕಾರಣಗಳು

ಮೊದಲನೆಯ ಕಾರಣ ಶಾಖ. ತಾಮ್ರದ ತಂತಿಯ ಮೇಲಿನ ಪಿವಿಸಿ ಹೊದಿಕೆಗೆ ಮೃದುತ್ವ ನೀಡುವ ರಾಸಾಯನಿಕವು ಎಂಜಿನ್ನಿನ ಬಿಸಿಗೆ ವರ್ಷಗಳ ಕಾಲ ಆರುತ್ತಾ ಹೋಗುತ್ತದೆ. ಕೊನೆಗೆ ಹೊದಿಕೆ ಗಡುಸಾಗಿ, ಬಗ್ಗಿಸಿದರೆ ಸೀಳುತ್ತದೆ. ಹೆಸರಾಂತ ಕಂಪನಿಗಳೂ ಇದಕ್ಕೆ ಹೊರತಲ್ಲ. 1990ರ ದಶಕದ ಮೊದಲರ್ಧದಲ್ಲಿ ತಯಾರಾದ ಮರ್ಸಿಡಿಸ್-ಬೆಂಜ್‌ನ ಹಲವು ಮಾದರಿಗಳಲ್ಲಿ, ಎಸ್‌ಎಲ್ ಸ್ಪೋರ್ಟ್ಸ್ ಕಾರೂ ಸೇರಿದಂತೆ, ಎಂಜಿನ್ ಹಾರ್ನೆಸ್‌ನ ಹೊದಿಕೆ ಶಾಖಕ್ಕೆ ಪುಡಿಯಾಗತೊಡಗಿ, ಇಡೀ ಹಾರ್ನೆಸನ್ನೇ ಬದಲಾಯಿಸಬೇಕಾಯಿತು.

ಎರಡನೆಯದು ಉಪ್ಪುಗಾಳಿ ಮತ್ತು ತೇವ. ಕಾಪುವಿನಂತಹ ಕಡಲತಡಿಯಲ್ಲಿ ನಿಲ್ಲುವ ಕಾರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಬೇಗ ಕಟ್ಟುತ್ತದೆ. ಹೊದಿಕೆಯ ಬಿರುಕಿನಿಂದ ಒಳಹೊಕ್ಕ ತೇವವು ತಾಮ್ರದ ಎಳೆಗಳ ನಡುವೆ ಹರಿದು, ಹೊರಗಿನಿಂದ ಸರಿಯಾಗಿ ಕಾಣುವ ಭಾಗವನ್ನೂ ಒಳಗೇ ಕಪ್ಪಾಗಿಸುತ್ತದೆ. ಕಾರ್ಕಳದಿಂದ ಘಟ್ಟ ಹತ್ತುವ ಕಾರಿಗೆ ಉಪ್ಪಿಗಿಂತ ಎಂಜಿನ್ನಿನ ಶಾಖವೇ ಹೆಚ್ಚಿನ ಶತ್ರು. ಮಣಿಪಾಲದಲ್ಲಿ ಕಾಲೇಜಿನ ರಜೆಯ ತಿಂಗಳುಗಳಲ್ಲಿ ನಿಂತೇ ಇರುವ ಕಾರುಗಳಿಗೆ ಇಲಿಯ ಹಾವಳಿಯೂ ಸೇರುತ್ತದೆ.

ಸಣ್ಣ ದೋಷ, ದೊಡ್ಡ ನಷ್ಟ

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ರೇಡಿಯೇಟರ್ ಫ್ಯಾನಿಗೆ 10 ಆಂಪಿಯರ್ ವಿದ್ಯುತ್ ಹರಿಯುತ್ತಿದೆ ಎನ್ನೋಣ. ಕಿಲುಬು ಹಿಡಿದ ಒಂದು ಕನೆಕ್ಟರಿನಲ್ಲಿ ಕೇವಲ 0.1 ಓಮ್ ರೋಧವಿದ್ದರೆ ಅಲ್ಲಿ 1 ವೋಲ್ಟ್ ನಷ್ಟವಾಗಿ, 10 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಕರಗಲು ಇಷ್ಟು ಸಾಕು. ಫ್ಯೂಸ್ ಮಾತ್ರ ಹೋಗುವುದಿಲ್ಲ. ಏಕೆಂದರೆ ಹರಿಯುತ್ತಿರುವ ವಿದ್ಯುತ್ತು ಹೆಚ್ಚಾಗಿಲ್ಲ. ಫ್ಯೂಸ್ ಸರಿಯಿದೆ ಎಂಬ ಮಾತ್ರಕ್ಕೆ ವೈರಿಂಗ್ ಸರಿಯಿದೆ ಎಂದು ತಿಳಿಯುವುದು ಹೀಗೆ ಅಪಾಯಕಾರಿ.

ಇಂಧನ ಇಂಜೆಕ್ಷನ್ ಇರುವ ಎಂಜಿನ್ನುಗಳಲ್ಲಿ ಇನ್ನೊಂದು ಭಯವುಂಟು. ಹೊದಿಕೆ ಕಳಚಿದ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಎಂಜಿನ್ ನಿಯಂತ್ರಣ ಘಟಕವಾದ ಇಸಿಯು ಸುಟ್ಟುಹೋಗಬಹುದು. ಹಳೆಯ ಮಾದರಿಗೆ ಇನ್ನೊಂದು ಇಸಿಯು ದೊರೆಯದೆ ಹೋದರೆ ಕಾರು ಶಾಶ್ವತವಾಗಿ ಶೆಡ್ಡಿನಲ್ಲಿ ಉಳಿಯುತ್ತದೆ.

ಫೈಬರ್ ಕಾರುಗಳ ವಿಶೇಷ

ನಮ್ಮ ರಾಜ್ಯದ ಉದ್ಯಮಕ್ಕೆ ಸಂಬಂಧಿಸಿದ ಎರಡು ಕಾರುಗಳನ್ನು ಇಲ್ಲಿ ನೆನೆಯುವುದು ಸೂಕ್ತ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ತಯಾರಾದ, ಮುಂದೆ ಸಿಪಾನಿ ಡಾಲ್ಫಿನ್ ಎಂದೇ ಹೆಸರಾದ ಪುಟ್ಟ ಕಾರು 848 ಸಿಸಿ ಎಂಜಿನ್ ಹೊಂದಿದ್ದು, ರ‍್ಯಾಲಿ ಮತ್ತು ರೇಸುಗಳಲ್ಲಿಯೂ ಓಡಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯು ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್, 1149 ಸಿಸಿ ರೆನೋ ಎಂಜಿನ್ನಿನ ಎರಡು ಆಸನಗಳ ಸ್ಪೋರ್ಟ್ಸ್ ಕಾರು. ಇವೆರಡರ ತಯಾರಿಕೆಯೂ ನಿಂತುಹೋಗಿದೆ.

ಎರಡೂ ಕಾರುಗಳ ದೇಹ ಫೈಬರಿನದು. ಉಕ್ಕಿನ ಕಾರಿನಲ್ಲಿ ದೇಹವೇ ಅರ್ಥ್ ಆಗಿ ವರ್ತಿಸುವುದರಿಂದ ದೀಪಕ್ಕೆ ಒಂದು ತಂತಿ ಎಳೆದರೆ ಸಾಕಾಗುತ್ತದೆ. ಫೈಬರ್ ವಿದ್ಯುದ್ವಾಹಕವಲ್ಲ, ಆದುದರಿಂದ ಅದರ ಮೇಲೆ ಕುಳಿತ ಪ್ರತಿಯೊಂದು ಸಾಧನಕ್ಕೂ ಮರಳುದಾರಿಯ ತಂತಿ ಪ್ರತ್ಯೇಕವಾಗಿ ಬೇಕು. ಇದನ್ನು ಅರಿಯದೆ ದುರಸ್ತಿಗೆ ತೊಡಗಿದವರು ಬಲ್ಬು, ರಿಲೇ, ಸ್ವಿಚ್ಚುಗಳನ್ನು ಬದಲಿಸಿ ಬೇಸತ್ತು, ಕೊನೆಗೆ ಅರ್ಥ್ ತಂತಿಯ ಕಿಲುಬನ್ನು ಕಂಡುಹಿಡಿಯುವುದುಂಟು.

ನಿರ್ಧಾರ ಹೇಗೆ?

ಹಾರ್ನೆಸನ್ನು ಮೂರು ಕಡೆ ಬಿಚ್ಚಿ ನೋಡಬೇಕು: ಎಕ್ಸಾಸ್ಟ್ ಬಳಿ, ಎಂಜಿನ್ನಿನ ಮೇಲೆ ಮತ್ತು ತಂಪಾದ ತುದಿಯಲ್ಲಿ. ಹಾನಿ ಒಂದೇ ಜಾಗದಲ್ಲಿದ್ದು (ಇಲಿ ಕಡಿದದ್ದು, ಉಜ್ಜಿ ಸವೆದದ್ದು) ಉಳಿದೆಡೆ ಹೊದಿಕೆ ಮೃದುವಾಗಿದ್ದರೆ ಆ ಭಾಗವನ್ನಷ್ಟೇ ಸರಿಪಡಿಸಬಹುದು. ಎರಡು ಕಡೆಗಳಲ್ಲಿ ಹೊದಿಕೆ ಸೀಳಿದರೆ ಅಥವಾ ತಾಮ್ರ ಕಪ್ಪಾಗಿದ್ದರೆ ಅದು ವಯಸ್ಸಿನ ಹಾನಿ. ಅಪಘಾತದ ಹಾನಿಗೆ ತೇಪೆ ಸಲ್ಲುತ್ತದೆ, ವಯಸ್ಸಿನ ಹಾನಿಗೆ ಸಲ್ಲದು. ಒಂದು ತಂತಿಗೆ ತೇಪೆ ಹಾಕಲು ಕಟ್ಟನ್ನು ಬಗ್ಗಿಸುವಾಗಲೇ ಪಕ್ಕದ ನಾಲ್ಕು ತಂತಿಗಳು ಸೀಳುತ್ತವೆ.

ಕೆಲಸದ ಕ್ರಮ

1. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಡಿಸಬೇಕು. ಪ್ರತಿಯೊಂದು ಕನೆಕ್ಟರಿಗೂ ಚೀಟಿ ಕಟ್ಟಿ, ಛಾಯಾಚಿತ್ರ ತೆಗೆದ ಬಳಿಕವೇ ಕಳಚಬೇಕು.

2. ಹೊರತೆಗೆದ ಹಾರ್ನೆಸನ್ನು ಪ್ಲೈವುಡ್ ಹಲಗೆಯ ಮೇಲೆ ಹರಡಿ, ಕವಲೊಡೆಯುವ ಕಡೆಗಳಲ್ಲಿ ಮೊಳೆ ಹೊಡೆದು ಆಕಾರವನ್ನು ಗುರುತಿಸಿಕೊಳ್ಳಬೇಕು. ತಂತಿಯ ಬಣ್ಣ, ದಪ್ಪ, ಉದ್ದ, ಹೊರಡುವ ಮತ್ತು ಸೇರುವ ಸ್ಥಾನಗಳ ಪಟ್ಟಿ ಮಾಡಬೇಕು. ಮೊದಲಿನ ಮಾಲೀಕರು ಸೇರಿಸಿದ ಹಾರನ್, ಅಲಾರಂ ತಂತಿಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕು.

3. ಮನೆಯ ವೈರಿಂಗಿನ ತಂತಿಯನ್ನು ಎಂದಿಗೂ ಬಳಸಬಾರದು. ಎಂಜಿನ್ನಿನ ಬಳಿಗೆ 125 ಡಿಗ್ರಿ ಸೆಲ್ಸಿಯಸ್ ತಾಳುವ, ಕ್ರಾಸ್-ಲಿಂಕ್ಡ್ ಹೊದಿಕೆಯ ವಾಹನ ತಂತಿಯೇ ಆಗಬೇಕು. ತವರದ ಲೇಪವಿರುವ ತಾಮ್ರವು ಕರಾವಳಿಗೆ ಹೆಚ್ಚು ಸೂಕ್ತ. 1 ಚದರ ಮಿ.ಮೀ. ತಂತಿಯ 3 ಮೀಟರ್ ಉದ್ದದಲ್ಲಿ 10 ಆಂಪಿಯರ್ ಹರಿದರೆ ಸುಮಾರು ಅರ್ಧ ವೋಲ್ಟ್ ನಷ್ಟವಾಗುತ್ತದೆ. 2 ಚದರ ಮಿ.ಮೀ. ಆದರೆ ನಷ್ಟ ಅರ್ಧಕ್ಕಿಳಿಯುತ್ತದೆ. ಫ್ಯೂಸನ್ನು ತಂತಿಯ ಸಾಮರ್ಥ್ಯಕ್ಕೆ ಅನುಗುಣವಾಗಿ ಹಾಕಬೇಕು.

4. ತುದಿಗಳನ್ನು ಆಯಾ ಟರ್ಮಿನಲ್ಲಿಗೆ ಹೊಂದುವ ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಬೇಕು. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ತಂತಿಯನ್ನು ಸೆಟೆದುಕೊಳ್ಳುವಂತೆ ಮಾಡುತ್ತದೆ. ಎಂಜಿನ್ನಿನ ಕಂಪನಕ್ಕೆ ಅದು ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ. ಹಳೆಯ ಕನೆಕ್ಟರಿನ ಪ್ಲಾಸ್ಟಿಕ್ ಕವಚ ಚೆನ್ನಾಗಿದ್ದರೆ ಉಳಿಸಿಕೊಳ್ಳಬಹುದು. ಒಳಗಿನ ಟರ್ಮಿನಲ್ ಮಾತ್ರ ಹೊಸದಾಗಿರಲಿ.

5. ಕ್ರ್ಯಾಂಕ್ ಸೆನ್ಸರಿನ ತಂತಿಗೆ ಜಾಲರಿಯ ಕವಚವಿದ್ದರೆ ಹೊಸದರಲ್ಲೂ ಅದೇ ರೀತಿಯ ತಂತಿಯನ್ನೇ ಹಾಕಬೇಕು. ಸಾದಾ ತಂತಿ ಹಾಕಿದರೆ ಇಗ್ನಿಷನ್ನಿನ ಸದ್ದನ್ನೂ ಇಸಿಯು ಸಂಕೇತವೆಂದು ಭ್ರಮಿಸಬಹುದು.

6. ತಂತಿಯು ಕನೆಕ್ಟರಿಗೆ ಸೇರುವ ಮುನ್ನ ತುಸು ಕೆಳಕ್ಕೆ ಬಾಗಿ ಮೇಲೇರುವಂತಿರಬೇಕು. ನಮ್ಮ ಮಳೆಗಾಲದಲ್ಲಿ ಜಾರಿಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

7. ಇಸಿಯು ಜೋಡಿಸುವ ಮೊದಲು ಪ್ರತಿ ತಂತಿಯ ಸಂಪರ್ಕವನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಮೆಗ್ಗರ್ ಬಳಸುವುದಾದರೆ ಇಸಿಯು ಮತ್ತು ಸೆನ್ಸರುಗಳು ಕಳಚಿರಲೇಬೇಕು. ಕೊನೆಗೆ ಸ್ಟಾರ್ಟರ್ ತಿರುಗುತ್ತಿರುವಾಗ ಎಂಜಿನ್ ಬ್ಲಾಕಿನಿಂದ ಬ್ಯಾಟರಿಯ ಋಣ ತುದಿಯವರೆಗಿನ ವೋಲ್ಟೇಜ್ ಅಳೆಯಬೇಕು. ಅದು ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಇನ್ನೂ ಸರಿಯಾಗಿಲ್ಲವೆಂದೇ ಅರ್ಥ.

ವ್ಯಾಪಾರದ ದೃಷ್ಟಿಯಿಂದ

ಇದು ಸಾಮಗ್ರಿಗಿಂತ ಶ್ರಮವನ್ನೇ ಹೆಚ್ಚು ಬೇಡುವ ಕೆಲಸ. ಆದುದರಿಂದ ಅಂದಾಜು ಪಟ್ಟಿಯಲ್ಲಿ ಪರಿಶೀಲನೆ, ಸಾಮಗ್ರಿ, ಶ್ರಮ ಈ ಮೂರನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಕಟ್ಟು ಬಿಚ್ಚುವ ಮೊದಲು ಒಟ್ಟು ಮೊತ್ತವನ್ನು ಒಪ್ಪಿಕೊಂಡರೆ ನಷ್ಟ ಅಥವಾ ಗ್ರಾಹಕರೊಡನೆ ಮನಸ್ತಾಪ ಎರಡರಲ್ಲೊಂದು ತಪ್ಪದು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ತಪಾಸಣೆಗೊಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕಾಗಿರುವುದರಿಂದ, ಹಳೆಯ ಕಾರನ್ನು ಉಳಿಸಿಕೊಳ್ಳಬಯಸುವವರಿಗೆ ನವೀಕರಣದ ಸಮಯವೇ ಈ ಕೆಲಸಕ್ಕೂ ತಕ್ಕ ಸಮಯ. ವಾಹನದ ವೈರಿಂಗ್ ಸೆಟ್ಟುಗಳು ಜಿಎಸ್‌ಟಿಯ 8544ನೇ ಶೀರ್ಷಿಕೆಯಡಿ ಬರುತ್ತವೆ. ತಯಾರಿಸಿ ಮಾರುವುದಕ್ಕೂ ದುರಸ್ತಿ ಸೇವೆಗೂ ಲೆಕ್ಕ ಬೇರೆಯಾಗಿರುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯುವುದೊಳ್ಳೆಯದು.

ಹಳೆಯ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟಿರಬಹುದು. ಆದರೆ ಹಲಗೆ, ತಂತಿಪಟ್ಟಿ, ಸರಿಯಾದ ಕ್ರಿಂಪಿಂಗ್ ಇವಿಷ್ಟನ್ನು ಕಲಿತ ಕಾರ್ಯಾಗಾರಕ್ಕೆ ಬಸ್ಸು, ಆಂಬುಲೆನ್ಸ್, ಜನರೇಟರ್, ಮಲ್ಪೆಯ ಮೀನುಗಾರಿಕಾ ದೋಣಿ ಎಲ್ಲದರ ವೈರಿಂಗೂ ಅದೇ ವಿದ್ಯೆ. ಮಣಿಪಾಲ ಮತ್ತು ನಿಟ್ಟೆಯ ಇಂಜಿನಿಯರಿಂಗ್ ಕಾಲೇಜುಗಳು ಹತ್ತಿರದಲ್ಲೇ ಇರುವುದರಿಂದ ತಾಂತ್ರಿಕ ಸಲಹೆಗೆ ದೂರ ಹೋಗಬೇಕಾಗಿಲ್ಲ. ಒಮ್ಮೆ ಸಿದ್ಧಪಡಿಸಿದ ಹಲಗೆಯನ್ನೂ ಪಟ್ಟಿಯನ್ನೂ ಜೋಪಾನವಾಗಿಟ್ಟುಕೊಂಡವರಿಗೆ ಎರಡನೆಯ ಬೇಡಿಕೆ ಬಂದಾಗ ಅರ್ಧ ಕೆಲಸ ಮುಗಿದಂತೆಯೇ. ಕಂಪನಿಯೇ ಕೈಬಿಟ್ಟ ಬಿಡಿಭಾಗವನ್ನು ಊರಿನಲ್ಲೇ ಮಾಡಿಕೊಡಬಲ್ಲವರನ್ನು ಗ್ರಾಹಕರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.