ಇಂಗ್ಲಿಷ್: ಉರು ಹೊಡೆಯುವ ಪಾಠವಲ್ಲ, ಬಳಸುವ ಮಾತು



ಸಿಂಗಟಗೆರೆ ಹೋಬಳಿಯ ಹಳ್ಳಿಗಳಲ್ಲಿ ಸಂಘದ ಸಭೆಗೆ ಕೂತಾಗಲೆಲ್ಲ ನಾವು ಕೇಳುವ ಮಾತೊಂದಿದೆ: "ನಮ್ಮ ಹುಡುಗಿ ಎಲ್ಲಾ ಓದ್ತಾಳೆ, ಇಂಗ್ಲಿಷ್ ಒಂದು ಬರಲ್ಲ." ರಾಗಿ, ತೆಂಗು ನಂಬಿದ ಮನೆಗಳು ಮಳೆ ಕೈಕೊಟ್ಟ ವರ್ಷವೂ ಸಾಲ ಮಾಡಿ ಮಕ್ಕಳನ್ನು ದೂರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ವ್ಯಾನು ಹತ್ತಿಸುತ್ತವೆ. ಆ ಶಕ್ತಿ ಇಲ್ಲದವರು ಮಗುವಿನ ಭವಿಷ್ಯ ಮುಗಿಯಿತೆಂದು ಕೊರಗುತ್ತಾರೆ. ಆದರೆ ಮಾಧ್ಯಮಕ್ಕಿಂತ ಮೊದಲು ನಾವು ಕೇಳಬೇಕಾದದ್ದು, ಇಂಗ್ಲಿಷ್ ಅನ್ನು ಹೇಗೆ ಕಲಿಸುತ್ತಿದ್ದೇವೆ ಎಂಬ ಪ್ರಶ್ನೆ.

ತೊಡಕು ಎಲ್ಲಿದೆ?

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಅಂದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಆದರೂ "ನಿಮ್ಮೂರಿಂದ ಬಸ್ ಎಷ್ಟು ಹೊತ್ತಿಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎಷ್ಟೋ ಮಕ್ಕಳು ತಲೆ ತಗ್ಗಿಸುತ್ತಾರೆ. ಪ್ರಶ್ನೋತ್ತರ ಉರು ಹೊಡೆದು ಪರೀಕ್ಷೆ ದಾಟಬಹುದು. ಆದರೆ ಪಿಯುಸಿಯಲ್ಲಿ ವಿಜ್ಞಾನದ ಪಾಠ ಇಂಗ್ಲಿಷಿನಲ್ಲಿ ಶುರುವಾದಾಗ ಆ ಉರು ಕೈ ಹಿಡಿಯುವುದಿಲ್ಲ. ಬುದ್ಧಿವಂತ ಮಕ್ಕಳೂ ಅಲ್ಲೇ ಎಡವಿ ಓದು ಬಿಡುತ್ತಾರೆ.

ಬೆಂಗಳೂರಿನಲ್ಲಿ ನಡೆದ ಪ್ರಯೋಗ

ಇದೇ ತೊಡಕನ್ನು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಬೇರೆ ರೀತಿಯಲ್ಲಿ ಬಿಡಿಸಲು ನೋಡಿದರು. 'ಬೆಂಗಳೂರು ಪ್ರಾಜೆಕ್ಟ್' ಎಂದೇ ಇದು ಹೊರದೇಶಗಳಲ್ಲೂ ಹೆಸರಾಯಿತು. ಅಲ್ಲಿ ಮೊದಲು ವ್ಯಾಕರಣ ಹೇಳಿಕೊಡುತ್ತಿರಲಿಲ್ಲ. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆಯಂಥ ವಸ್ತು ಕೊಟ್ಟು, ಅದರಲ್ಲಿ ಒಂದು ಲೆಕ್ಕವನ್ನೋ ದಾರಿಯನ್ನೋ ಇಂಗ್ಲಿಷಿನಲ್ಲೇ ಹುಡುಕಲು ಹೇಳುತ್ತಿದ್ದರು. ಮನಸ್ಸು ಅರ್ಥದ ಕಡೆಗಿದ್ದರೆ ಭಾಷೆ ತಾನಾಗಿ ಕೂರುತ್ತದೆ ಎಂಬುದು ಅವರ ನಂಬಿಕೆ. ಈ ಅನುಭವವನ್ನು ಪ್ರಭು 1987ರಲ್ಲಿ ಪುಸ್ತಕವಾಗಿ ಬರೆದರು. ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ 'ಕೆಲಸದ ಮೂಲಕ ಭಾಷೆ' ಎಂಬ ಪದ್ಧತಿಗೆ ಇದೂ ಒಂದು ಬೇರು.

ಒಂದು ಗಂಟೆಯ ಪಾಠ ಹೀಗಿರಲಿ

ಸಂಜೆ ಪಾಠ ಹೇಳುವ ಅಕ್ಕಂದಿರು ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಯೋಜನೆ ಬರೆದುಕೊಳ್ಳಬೇಕು. ಉದಾಹರಣೆಗೆ ಬಸ್ಸಿನ ಪಾಠ ಎಂದಿಟ್ಟುಕೊಳ್ಳಿ.

1. ಮೊದಲ 10 ನಿಮಿಷ: ಬೇಕಾದ ಆರೇಳು ಪದ ಮಾತ್ರ. ಬಸ್, ಲೀವ್, ರೀಚ್, ಅರ್ಲಿ, ಲೇಟ್. ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ತಪ್ಪೇನಿಲ್ಲ.

2. ಮುಂದಿನ 20 ನಿಮಿಷ: ಸಿಂಗಟಗೆರೆಯಿಂದ ಕಡೂರಿಗೆ ಹೋಗುವ ಮೂರು ಬಸ್ಸಿನ ವೇಳೆಯನ್ನು ಬೋರ್ಡಿನ ಮೇಲೆ ಬರೆದು, "ವಾಟ್ ಟೈಮ್ ಡಸ್ ದ ಬಸ್ ಲೀವ್?" ಎಂದು ಎಲ್ಲರೊಂದಿಗೆ ಸೇರಿ ಒಂದೆರಡು ಪ್ರಶ್ನೆ ಬಿಡಿಸಿ.

3. ನಂತರದ 20 ನಿಮಿಷ: ಅಂಥದ್ದೇ ಹೊಸ ಪ್ರಶ್ನೆ ಕೊಡಿ: "ಕಡೂರಿನಲ್ಲಿ 10 ಗಂಟೆಯ ರೈಲು ಹಿಡಿಯಬೇಕು, ಯಾವ ಬಸ್ಸಿಗೆ ಹೋಗಬೇಕು?" ಪ್ರಶ್ನೆ ಇಂಗ್ಲಿಷಿನಲ್ಲಿರಲಿ, ಪ್ರತಿ ಮಗುವೂ ತಾನೇ ಬಿಡಿಸಲಿ.

4. ಕೊನೆಯ 10 ನಿಮಿಷ: ಉತ್ತರ ನೋಡಿ, ಎಲ್ಲಿ ಎಡವಿದರೆಂದು ಗುರುತು ಮಾಡಿಕೊಳ್ಳಿ.

ಪಾಠ ಸುಲಭವೋ ಕಷ್ಟವೋ ಅಳೆಯಲು ಪ್ರಭು ಅವರ ಅಳತೆಗೋಲು ಸರಳ: ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟಾದರೂ ಸರಿ ಮಾಡಿದರೆ ಮಟ್ಟ ಸರಿಯಾಗಿದೆ. ಅದಕ್ಕಿಂತ ಕಡಿಮೆಯಾದರೆ ನಾಳೆಯ ಪ್ರಶ್ನೆ ಹಗುರವಾಗಲಿ. ಎಲ್ಲರೂ ಥಟ್ಟನೆ ಮಾಡಿ ಮುಗಿಸಿದರೆ ಇನ್ನಷ್ಟು ಗಟ್ಟಿಯಾಗಲಿ. ಮುಂದಿನ ವಾರ ಸಂತೆಯ ಬೆಲೆಪಟ್ಟಿ, ಆಮೇಲೆ ಊರಿನ ನಕ್ಷೆ, ಔಷಧದ ಚೀಟಿ, ಹೀಗೆ ಮೂರು ತಿಂಗಳ ಪಟ್ಟಿ ಮೊದಲೇ ತಯಾರಿಸಿಡಿ.

ತಪ್ಪಿಗೆ ನಗಬೇಡಿ

ಮಗು "ಬಸ್ ಗೋ ಸೆವೆನ್ ಥರ್ಟಿ" ಎಂದರೆ ಬೈಯಬೇಡಿ. "ಎಸ್, ದ ಬಸ್ ಲೀವ್ಸ್ ಅಟ್ ಸೆವೆನ್ ಥರ್ಟಿ" ಎಂದು ಸರಿಯಾದದ್ದನ್ನು ನೀವೇ ಹೇಳಿ ಮುಂದೆ ಹೋಗಿ. ಒಮ್ಮೆ ನಗೆಪಾಟಲಾದ ಮಗು ವರ್ಷಗಟ್ಟಲೆ ಬಾಯಿ ತೆರೆಯುವುದಿಲ್ಲ.

"ನಮಗೇ ಇಂಗ್ಲಿಷ್ ಬರಲ್ಲ, ನಾವೇನ್ ಮಾಡೋದು?" ಎನ್ನುವ ತಾಯಂದಿರೇ, ನೀವೂ ಮಾಡಬಹುದು. ರಾತ್ರಿ ಮಗುವಿಂದ ಇವತ್ತಿನ ಪಾಠವನ್ನು ಹೇಳಿಸಿಕೊಳ್ಳಿ, ಅರ್ಥವನ್ನು ಕನ್ನಡದಲ್ಲಿ ಕೇಳಿ. ನಿಮಗೆ ತಿಳಿಸಿ ಹೇಳುವಾಗ ಮಗುವಿಗೇ ಪಾಠ ಗಟ್ಟಿಯಾಗುತ್ತದೆ. ಮನೆಯ ಕನ್ನಡ ಚೆನ್ನಾಗಿದ್ದರೆ ಇಂಗ್ಲಿಷ್ ಕಲಿಯಲು ಅದೇ ಊರುಗೋಲು.

ದೇವರು ಪ್ರತಿ ಮಗುವಿಗೂ ತಲಾಂತು ಕೊಟ್ಟಿದ್ದಾನೆ. ಅದನ್ನು ಮಣ್ಣಿನಲ್ಲಿ ಹೂತಿಡದೆ ಬೆಳೆಸುವುದು ನಮ್ಮೆಲ್ಲರ ಹೊಣೆ. ಮುಂದಿನ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯಕ್ಕಿರಲಿ. ವಾರಕ್ಕೆ ಎರಡು ಸಂಜೆ ಯಾರು ಪಾಠ ಹೇಳುತ್ತಾರೆ, ಎಲ್ಲಿ ಕೂರುವುದು ಎಂದು ಅಲ್ಲೇ ತೀರ್ಮಾನಿಸಿ.