ಪಾಟಾ ಹೆಚ್ಚಾದ್ರೆ ಬ್ರೇಕ್ ಹೆಚ್ಚಾಗುತ್ತಾ?

ಮುಗಳಖೋಡ, ರಾಯಬಾಗ, ಅಥಣಿ ಅಂದ್ರೆ ಕಬ್ಬಿನ ಸೀಮೆ. ಇಲ್ಲಿ ಟ್ರೇಲರ್ ಎಳೆಯೋದು ಟ್ರ್ಯಾಕ್ಟರ್ ಕೆಲಸ. ಆದ್ರೆ ಪಿಕಪ್ ಹಿಂದೆ ಜನರೇಟರ್, ಕಾಂಕ್ರೀಟ್ ಮಿಕ್ಸರ್ ಕಟ್ಟಿಕೊಂಡು ಹೋಗೋರೂ ಇದ್ದಾರೆ. ಗಾಡಿಯ ಹಿಂಭಾಗ ಕುಸೀತು ಅಂದ್ರೆ ಒಂದೇ ಮಾತು: "ಇನ್ನೊಂದು ಪಾಟಾ ಹಾಕಿಬಿಡ್ರಿ."

ಲೆಕ್ಕ ನೋಡಿ. ಕೊಂಡಿಯ ಮೇಲೆ 100 ಕಿಲೋ ಭಾರ ಬಿತ್ತು ಅಂದ್ಕೊಳ್ಳಿ. ಕೊಂಡಿ ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದೆ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್. ಆಗ ಹಿಂದಿನ ಗಾಲಿಗಳ ಮೇಲೆ ಬೀಳೋದು 100 ಅಲ್ಲ, 140 ಕಿಲೋ! ಆ 40 ಕಿಲೋ ಬಂದಿದ್ದು ಮುಂದಿನ ಗಾಲಿಗಳಿಂದ. ಅವು ಹಗುರಾದಷ್ಟೂ ಸ್ಟೀರಿಂಗ್ ಹಿಡಿತ, ಬ್ರೇಕ್ ಹಿಡಿತ ಎರಡೂ ಸಡಿಲ.

ಪಾಟಾ ಕುಸಿದಿದ್ದನ್ನು ಎತ್ತಿ ನಿಲ್ಲಿಸುತ್ತೆ, ಅಷ್ಟೇ. ಆಕ್ಸಲ್, ಟೈರು, ಬ್ರೇಕು ಕಂಪನಿ ಕೊಟ್ಟಷ್ಟೇ ಇರ್ತವೆ. ಕುಸಿದ ಗಾಡಿ ಕಣ್ಣಿಗೆ ಎಚ್ಚರಿಕೆಯನ್ನಾದ್ರೂ ಕೊಡ್ತಿತ್ತು. ಈಗ ಅದೂ ಇಲ್ಲ. ಆರ್‌ಸಿಯಲ್ಲಿರೋ ತೂಕವೂ ಬದಲಾಗಲ್ಲ. ಮೀರಿದ್ರೆ 2019ರ ಕೇಂದ್ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್‌ಗೆ ಮತ್ತೆ 2,000.

ಪಾಟಾ ಹಾಕಿಸೋ ಮುಂಚೆ ಊರಿನ ಕಾಟಾಕ್ಕೆ ಹೋಗಿ. ಮುಂದಿನ ಗಾಲಿಗಳನ್ನಷ್ಟೇ ಅದರ ಮೇಲೆ ನಿಲ್ಲಿಸಿ, ಟ್ರೇಲರ್ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿ. ಎಷ್ಟು ಹಗುರಾಯ್ತು ಅಂತ ಚೀಟಿಯಲ್ಲೇ ಬರುತ್ತೆ.