ಜಿಗರ್‌ಥಂಡಾ ಅಂದ್ರೆ ಎಲ್ಲರೂ ಸ್ಟಾಪ್!

ಪ್ರತಿ ಗ್ಯಾಂಗ್‌ನಲ್ಲೂ ಟ್ರಿಪ್‌ಗೆ ಎಕ್ಸೆಲ್ ಶೀಟ್ ಮಾಡೋರು ಒಬ್ಬರು ಇದ್ದೇ ಇರ್ತಾರೆ. ನಮ್ಮ ಆರು ಹುಡುಗೀರ ಗುಂಪಿನಲ್ಲಿ ಅದು ನಾನೇ. ಅವತ್ತು ಏಪ್ರಿಲ್‌ನಲ್ಲಿ ಹಂಪಿಗೆ ಹೋದಾಗಲೂ ಶೀಟ್ ನನ್ನದೇ. ಒಂದು ದಿನಕ್ಕೆ ಒಂಬತ್ತು ಜಾಗ! ಮಧ್ಯಾಹ್ನ ಒಂದೂವರೆಗೆ ವಿಠ್ಠಲ ದೇವಸ್ಥಾನದ ಹತ್ತಿರ ಗೆಳತಿಯೊಬ್ಬಳು ತಲೆ ಸುತ್ತಿ ಕುಸಿದು ಕೂತಳು. ‘ಸುಸ್ತಾಗ್ತಿದೆ ಅಂತ ಮೊದಲೇ ಯಾಕೆ ಹೇಳಲಿಲ್ಲ?’ ಅಂದ್ರೆ, ‘ನೀವೆಲ್ಲ ಖುಷಿಯಾಗಿದ್ರಿ, ನಾನ್ಯಾಕೆ ಹಾಳು ಮಾಡ್ಲಿ ಅಂತ’ ಅಂದಳು. ಹೊಸಪೇಟೆಯಲ್ಲಿ ಡ್ರಿಪ್ಸ್ ಹಾಕಿಸಿ ವಾಪಸ್ ಕರ್ಕೊಂಡು ಬಂದ್ವಿ.

ಆಮೇಲೆ ಎಲ್ಲಿಗೆ ಕರೆದರೂ ಅವಳದು ಒಂದೇ ಉತ್ತರ: ‘ಲೀವ್ ಇಲ್ಲ ಕಣೇ.’

ಆಗಸ್ಟ್‌ನ ಲಾಂಗ್ ವೀಕೆಂಡ್‌ಗೆ ಮಧುರೈ ಅಂತ ತೀರ್ಮಾನವಾದಾಗಲೂ ಅದೇ ಮೆಸೇಜ್ ಬಂತು. ಈ ಸಲ ಸುಮ್ಮನಿರದೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಲೀವ್ ಇದೆ. ಭಯ ಕಣೇ. ನನ್ನಿಂದ ನಿಮಗೆಲ್ಲ ತೊಂದರೆ’ ಅಂದಳು. ಅವಳಿಗೆ ತೊಂದರೆ ಕೊಟ್ಟಿದ್ದು ನನ್ನ ಶೀಟ್ ಅಂತ ಅವತ್ತು ಒಪ್ಪಿಕೊಂಡೆ. ಅರ್ಧ ತುಂಬಿಸಿದ್ದ ಹೊಸ ಶೀಟನ್ನು ಅಳಿಸಿ ಹಾಕಿದೆ.

ಊರಿಗೇ ಗೊತ್ತಿರೋ ಗುಟ್ಟು

ಮೀನಾಕ್ಷಿ ದೇವಸ್ಥಾನ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯೋದು ಸಂಜೆ ನಾಲ್ಕಕ್ಕೆ. ಇತ್ತ ಮಧುರೈಗೆ ತಮಿಳಿನಲ್ಲಿ ‘ತೂಂಗಾ ನಗರಂ’, ಅಂದರೆ ನಿದ್ದೆ ಮಾಡದ ಊರು ಅನ್ನೋ ಹೆಸರಿದೆ. ರಾತ್ರಿ ಎಷ್ಟೊತ್ತಿಗೆ ಹೊರಟರೂ ಬಿಸಿ ಇಡ್ಲಿ ಸಿಗುತ್ತೆ. ದೇವರೇ ಮಧ್ಯಾಹ್ನ ವಿಶ್ರಾಂತಿ ತಗೊಳ್ಳೋ ಊರಲ್ಲಿ ನಾವ್ಯಾಕೆ ಬಿಸಿಲಲ್ಲಿ ಓಡಾಡಬೇಕು? 12ರಿಂದ 4ರವರೆಗಿನ ಜಾಗದಲ್ಲಿ ಎರಡೇ ಪದ ಬರೆದೆ: ರೂಮು, ನಿದ್ದೆ.

ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಎಸಿ ರೂಮ್ ಹಿಡಿದೆವು. ಆ ಖರ್ಚು ಸರಿದೂಗಿಸಲು ಕಾರು ಬಿಟ್ಟು ರೈಲು. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ಸನ್ನು ರಾತ್ರಿ ಬೆಂಗಳೂರಲ್ಲಿ ಹತ್ತಿದರೆ ಬೆಳಗ್ಗೆ ಮಧುರೈ.

ಇನ್ನೊಂದು ರೂಲ್ ಅವಳಿಗೋಸ್ಕರ ಮಾಡಿದ್ದು. ಯಾರಿಗೇ ಸುಸ್ತಾದರೂ ‘ಜಿಗರ್‌ಥಂಡಾ’ ಅಂದ್ರೆ ಸಾಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ, ಎಲ್ಲರೂ ಅಲ್ಲಿಗೇ ನಿಲ್ಲಬೇಕು. ಹಾಲು, ಬಾದಾಮಿ ಗೋಂದು, ನನ್ನಾರಿ ಶರಬತ್ತು, ಮೇಲೊಂದಿಷ್ಟು ಐಸ್‌ಕ್ರೀಮ್ ಹಾಕಿ ಕೊಡೋ ಮಧುರೈನ ಫೇಮಸ್ ತಂಪು ಪಾನೀಯ ಅದು.

ಹಂಪಿಯ ಮುಂದುವರಿದ ಭಾಗ

ಮೊದಲ ದಿನ ಬೆಳಗ್ಗೆ ದೇವಸ್ಥಾನ. ಮೊಬೈಲ್ ಒಳಗೆ ಬಿಡಲ್ಲ, ಕೌಂಟರ್‌ನಲ್ಲಿ ಕೊಡಬೇಕು. ಹಾಗಾಗಿ ‘ಕಳೆದುಹೋದ್ರೆ ಪೊಟ್ರಾಮರೈ ಕೊಳದ ಮೆಟ್ಟಿಲ ಮೇಲೆ ಸಿಗೋಣ’ ಅಂತ ಮೊದಲೇ ಮಾತಾಡಿಕೊಂಡೆವು. ಸಾವಿರ ಕಾಲಿನ ಮಂಟಪದಲ್ಲಿ ನಿಜಕ್ಕೂ ಇರೋದು 985 ಕಂಬ. ಈಗ ಕಾಣುವ ದೇವಸ್ಥಾನದ ಬಹುಪಾಲು ಕಟ್ಟಿಸಿದ್ದು ನಾಯಕ ಅರಸರು. ವಿಜಯನಗರದ ಪ್ರತಿನಿಧಿಗಳಾಗಿ ಬಂದು, ಮುಂದೆ ಸ್ವತಂತ್ರವಾಗಿ ಆಳಿದವರು. ಹಂಪಿಯಲ್ಲಿ ಅರ್ಧಕ್ಕೇ ನಿಂತಿದ್ದ ನಮ್ಮ ಟ್ರಿಪ್ ಇಲ್ಲಿ ಮುಂದುವರಿದ ಹಾಗಾಯ್ತು.

ಮಧ್ಯಾಹ್ನ ನಿದ್ದೆ. ಸಂಜೆ ಮಾಸಿ ಬೀದಿ ಸುತ್ತಾಟ. ದೇವಸ್ಥಾನದ ಸುತ್ತಲಿನ ಬೀದಿಗಳಿಗೆ ಇಲ್ಲಿ ಆಡಿ, ಚಿತ್ತಿರೈ, ಮಾಸಿ ಅಂತ ತಮಿಳು ತಿಂಗಳ ಹೆಸರು. 1921ರ ಸೆಪ್ಟೆಂಬರ್ 22ರಂದು ಗಾಂಧೀಜಿ ಅಂಗಿ ಬಿಟ್ಟು ತುಂಡು ಬಟ್ಟೆ ಉಟ್ಟಿದ್ದು ಇದೇ ಊರಲ್ಲಿ. ಬಡವರ ಮೈಮೇಲೆ ಇರುವಷ್ಟೇ ಬಟ್ಟೆ ತನಗೂ ಸಾಕು ಅನ್ನೋ ನಿರ್ಧಾರ ಅದು.

ಎರಡನೇ ದಿನ ತಿರುಮಲೈ ನಾಯಕರ ಅರಮನೆ. 1636ರಲ್ಲಿ ಕಟ್ಟಿದ್ದು. ಆ ದೈತ್ಯ ಕಂಬಗಳ ನಡುವೆ ನಾನು ಫೋಟೊ ತೆಗೀತಿದ್ದಾಗ ಹಿಂದಿನಿಂದ ಮೆಲ್ಲಗೆ ಕೇಳಿಸಿತು: ‘ಜಿಗರ್‌ಥಂಡಾ.’

ಗಂಟೆ ಇನ್ನೂ ಹತ್ತೂವರೆ. ನಾನು ತಿರುಗಿ ನೋಡುವಷ್ಟರಲ್ಲೇ ಇನ್ನಿಬ್ಬರು ‘ಅಬ್ಬಾ! ನಮಗೂ ಸಾಕಾಗಿತ್ತು. ಹಂಪಿಯಲ್ಲೂ ಹೀಗೇ ಆಗಿತ್ತು’ ಅಂದರು. ಹಾಗಾದರೆ ಅವತ್ತು ಸುಸ್ತಾಗಿದ್ದು ಅವಳೊಬ್ಬಳಿಗೇ ಆಗಿರಲಿಲ್ಲ! ಅವಳ ಮುಖ ನೋಡಬೇಕಿತ್ತು. ಒಂದು ವರ್ಷದಿಂದ ಹೊತ್ತಿದ್ದ ಭಾರ ಇಳಿದ ಹಾಗಿತ್ತು.

ಅವತ್ತು ರಾತ್ರಿ ಸುಂದರೇಶ್ವರನನ್ನು ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಶಯನಗೃಹಕ್ಕೆ ಕರೆದೊಯ್ಯುವ ಸೇವೆ ನೋಡಲು ಹೋದೆವು. ತಲೆ ತುಂಬ ಮಧುರೈ ಮಲ್ಲಿಗೆ ಮುಡಿದು, ಜನರ ನಡುವೆ ಕೊನೆಯವರೆಗೂ ನಿಂತಿದ್ದವಳು ಅವಳೇ.

ನೀವೂ ಹೊರಟಿದ್ದೀರಾ?

* ಗುಂಪಿನಲ್ಲಿ ನಿಧಾನವಾಗಿ ನಡೆಯುವವರ ಲೆಕ್ಕದಲ್ಲೇ ಪ್ಲ್ಯಾನ್ ಮಾಡಿ.
* ಬೆಳಗ್ಗೆ ಒಂದು ಜಾಗ, ಸಂಜೆ ಒಂದು. ಮಧ್ಯಾಹ್ನ ಖಾಲಿ ಬಿಡಿ.
* ಬಾಟಲಿ ನೀರಿನ ಜೊತೆ ಓಆರ್‌ಎಸ್ ಪ್ಯಾಕೆಟ್ ಇರಲಿ.
* ‘ಬರಲ್ಲ’ ಅಂದವರಿಗೆ ಮೆಸೇಜ್ ಬೇಡ, ಒಂದು ಫೋನ್ ಮಾಡಿ.

ಮುಂದಿನ ಟ್ರಿಪ್‌ನ ಶೀಟ್ ಈಗಾಗಲೇ ಗ್ರೂಪಿಗೆ ಬಂದಿದೆ. ಈ ಸಲ ಮಾಡಿದ್ದು ಅವಳು. ಊರು ಇನ್ನೂ ಫೈನಲ್ ಆಗಿಲ್ಲ. ಆದರೆ 12ರಿಂದ 4ರವರೆಗಿನ ಜಾಗ ಮಾತ್ರ ತುಂಬಿದೆ: ರೂಮು, ನಿದ್ದೆ.